ಹಸಿ ಮಣ್ಣಿನ ತೂಕ

೯ ಏಪ್ರಿಲ್ ೧೯೮೭, ಗುರುವಾರ

ಸಹಿ ಹಾಕಲಿಲ್ಲ. ಹಾಕುವುದೂ ಇಲ್ಲ.

ಕೈಲಾಂಚದ ಕೆರೆಯ ಗೋಡುಮಣ್ಣು, ಒಂದೇ ಡಬ್ಬಿಯಿಂದ ಎರಡು ಪಾಲು. ಅದರಲ್ಲಿರುವ ಕೀಟನಾಶಕ ಕಿಲೋ ಮಣ್ಣಿಗೆ ನಮ್ಮ ಲ್ಯಾಬಿನಲ್ಲಿ ಎಂಬತ್ತು ಮೈಕ್ರೋಗ್ರಾಂ ಬಂತು, ಬೆಂಗಳೂರಿನ ಲ್ಯಾಬಿನಲ್ಲಿ ನಲವತ್ತು. ಸಾಹೇಬರು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, "ಕೂಡಿಸಿ ಅರ್ಧ ಮಾಡಿಬಿಡಿ ತಾಹೇರಾ. ಅರವತ್ತು ಅಂತ ಕಳಿಸೋಣ, ಯಾರಿಗೂ ಬೇಜಾರಿಲ್ಲ" ಅಂದರು. ಅರವತ್ತಂತೆ! ಆ ಕೆರೆಯಲ್ಲಿ ಎಲ್ಲೂ ಇಲ್ಲದ ಅರವತ್ತು. ಎಪ್ಪತ್ತು ದಾಟಿದರೆ ಆ ಮಣ್ಣು ಹಿಪ್ಪುನೇರಳೆ ತೋಟಕ್ಕೆ ಕೂಡದು, ಅರವತ್ತಾದರೆ ಹಾಕಬಹುದು. ಅದು ಗೊತ್ತಿದ್ದೇ ಅಂದರು.

ನಾವು ಒಣಗಿಸಿ ತೂಗಿದೆವು; ಬೆಂಗಳೂರಿನವರು ಮಣ್ಣನ್ನು ಹಸಿಯಾಗಿಯೇ ತೂಗಿದ್ದಾರೆ. ಅರ್ಧ ತೂಕ ನೀರು. ನೀರು ಕಳೆದರೆ ಅವರದೂ ಎಂಬತ್ತೇ. ನಾನು ರೇಷ್ಮೆಗೂಡು ಕೊಂಡು ನೂಲು ತೆಗೆಯುವ ರೀಲರ್ ಮಗಳು. ಮಾರ್ಕೆಟ್ಟಿನಲ್ಲಿ ಒದ್ದೆ ಗೂಡು ಕಂಡರೆ ನಮ್ಮ ಅಬ್ಬಾ ರೇಗುತ್ತಿದ್ದರು: "ನೀರ್ಗೂ ಕಾಸ್ ಕೊಡ್ಬೇಕೇನ್ಲಾ?" ಅದನ್ನೇ ಸಾಹೇಬರಿಗೆ ಹೇಳಿದೆ. "ಇದು ಗೂಡಿನ ಮಾರ್ಕೆಟ್ ಅಲ್ಲಮ್ಮ" ಎಂದು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಸಂಜೆ ಗೇಟಿನ ಹತ್ತಿರ ಮಂಚಯ್ಯ ಕಾಯುತ್ತಿದ್ದ, ಮಣ್ಣು ತಂದುಕೊಟ್ಟ ರೈತ.

"ಸೋಮಾರ ಗಾಡಿ ಕಟ್ತೀವಿ ಕಣವ್ವ. ತೋಟಕ್ಕೆ ಗೋಡು ಹೊಡೀಲೋ ಬ್ಯಾಡ್ವೋ, ಏಳ್ಬುಡು."

"ಬೇಡ. ಆ ಸೊಪ್ಪು ತಿಂದರೆ ಹುಳು ಉಳಿಯಲ್ಲ."

"ಸಾಹೇಬ್ರು ಏಳುದ್ರಾ?"

"ನಾನು ಹೇಳ್ತಿದ್ದೀನಿ."

ವರದಿ ಹೊರಡುವ ಮೊದಲೇ ಬಾಯಿಬಿಟ್ಟೆ. ಮೆಮೋ ಬರುತ್ತದೆ, ಬರಲಿ.

ನಾಳೆ ಉಳಿದ ಹಸಿ ಮಣ್ಣನ್ನು ತೂಗಿ, ತಟ್ಟೆಯಲ್ಲಿ ಹರಡಿ, ಸಾಹೇಬರ ಮೇಜಿನ ಮೇಲೆ ಅವರ ಫ್ಯಾನಿನ ಕೆಳಗೇ ಇಡುತ್ತೇನೆ. ಪಕ್ಕದಲ್ಲೇ ತಕ್ಕಡಿ. ನಗುವುದಿದ್ದರೆ ಅದು ಒಣಗಿದ ಮೇಲೆ ನಗಲಿ.