ನೇರಳೆ ಮುಚ್ಚಳದ ರಕ್ತ

ಅಕ್ಕಾ,

ಅಮ್ಮನಿಗೆ ಹುಷಾರಿಲ್ಲ, ಬಸ್ಸು ಹತ್ತು ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟೆ. ಯಾಕೆ ಎಂದು ಹೇಳಲು ಬಾಯಿ ಬರಲಿಲ್ಲ. ನೀನು ನಡುವೆ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ಹೇಳಿ ನುಣುಚಿಕೊಂಡುಬಿಡುತ್ತಿದ್ದೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಅದಕ್ಕೇ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೂತು ಎಂದೆನೇ? ಎರಡು ಸಾಲಿಗೊಮ್ಮೆ ಎದ್ದು ಬಾಗಿಲ ಗಾಜಿನಲ್ಲಿ ಇಣುಕಿ ಬರುತ್ತಿದ್ದೇನೆ. ನೀನು ಒಳಗೆ ಹೋಗುವ ಮುಂಚೆ ಇದನ್ನು ಓದಲೇಬೇಕು.

ವಾಂತಿ ನಿಲ್ಲುತ್ತಿಲ್ಲವೆಂದು ಅಮ್ಮನನ್ನು ಇಲ್ಲಿಗೆ ಸೇರಿಸಿದೆ, ಬೆಳಿಗ್ಗೆ ಅವಳ ರಕ್ತ ತೆಗೆದವಳೂ ನಾನೇ. ಇದೇ ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷ ಪಳಗಿದ ಕೈ ಅವಳ ತೋಳಿನಲ್ಲಿ ಮಾತ್ರ ಸೋತಿತು. ಎರಡು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮೂರನೆಯ ಸಲ ನೇರಳೆ ಮುಚ್ಚಳದ ಟ್ಯೂಬು ತುಂಬಿತು, ಲವಣಗಳನ್ನು ಅಳೆಯುವ ಕೆಂಪು ಮುಚ್ಚಳದ್ದು ಅರ್ಧಕ್ಕೇ ನಿಂತಿತು. "ಸಾಕು ಕಣೇ, ಕೈಯೆಲ್ಲ ಉರೀತಿದೆ" ಎಂದಳು ಅಮ್ಮ. ನೇರಳೆಯದರಿಂದ ಒಂದಿಷ್ಟನ್ನು ಕೆಂಪಿಗೆ ಸುರಿದೆ. ಮಾಡಬಾರದೆಂದು ನಮಗೆ ಮೊದಲ ದಿನವೇ ಕಲಿಸುವ ಕೆಲಸ ಅದು. ರಕ್ತ ರಕ್ತವೇ ತಾನೇ ಎಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ, ದೇವರಾಣೆ ಗೊತ್ತಿಲ್ಲ.

ಯಾಕೆ ಮಾಡಬಾರದೆಂದು ರಸಾಯನಶಾಸ್ತ್ರದ ಟೀಚರಿಗೆ ನಾನು ಹೇಳಬೇಕೆ? ನೇರಳೆ ಟ್ಯೂಬಿನೊಳಗೆ ಒಂದು ಪೊಟ್ಯಾಸಿಯಂ ಲವಣ ಸವರಿರುತ್ತಾರೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದ ರಕ್ತ ಹೆಪ್ಪುಗಟ್ಟುವುದಿಲ್ಲ. ಆದರೆ ತನ್ನ ಪೊಟ್ಯಾಸಿಯಂ ಅನ್ನು ರಕ್ತದಲ್ಲೇ ಬಿಟ್ಟುಬಿಡುತ್ತದೆ. ನೀನು ಶಾಲೆಯಲ್ಲಿ ಅಕ್ಕಿಕಾಳಿನಷ್ಟು ಪೊಟ್ಯಾಸಿಯಂ ನೀರಿಗೆ ಹಾಕಿ, ಅದು ಹೊತ್ತಿಕೊಂಡು ಓಡಾಡಿ, ನಾನು ಮೇಜಿನ ಕೆಳಗೆ ಅವಿತದ್ದು ನೆನಪಿದೆಯಾ? "ಇದೇ ನಿನ್ನ ಮೈಯಲ್ಲೂ ಇದೆ ಕಣೇ. ಒಂದು ಎಲೆಕ್ಟ್ರಾನ್ ಕಳ್ಕೊಂಡು ಸುಮ್ಮನಾಗಿದೆ ಅಷ್ಟೆ" ಎಂದು ನೀನು ನಕ್ಕಿದ್ದೆ. ಜೀವಕೋಶದ ಒಳಗೆ ಅದು ಜಾಸ್ತಿ, ಹೊರಗೆ ಕಮ್ಮಿ, ಆ ವ್ಯತ್ಯಾಸ ಕೆಟ್ಟರೆ ಹೃದಯದ ಬಡಿತವೂ ಕೆಡುತ್ತದೆ ಎಂದು ಊಟಕ್ಕೆ ಕೂತಾಗಲೂ ಕೊರೆಯುತ್ತಿದ್ದೆ.

ಯಂತ್ರ ಅಮ್ಮನ ಪೊಟ್ಯಾಸಿಯಂ ಒಂಬತ್ತು ಎಂದಿತು. ಐದು ದಾಟಿದರೇ ನಾವು ಹುಬ್ಬೇರಿಸುತ್ತೇವೆ. ಕ್ಯಾಲ್ಸಿಯಂ ಪಾತಾಳಕ್ಕಿಳಿದಿತ್ತು. ವರದಿ ತಾನಾಗಿಯೇ ಡಾಕ್ಟರಿಗೆ ಹೋಯಿತು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಾಗಿಯೂ ಓಡಲಿಲ್ಲ ಅಕ್ಕಾ. ಸದ್ದಿಲ್ಲದೆ ಮತ್ತೆ ರಕ್ತ ತೆಗೆಯೋಣ, ಸರಿಯಾದ ಅಂಕಿ ಬಂದ ಮೇಲೆ ತಪ್ಪನ್ನು ಯಂತ್ರದ ಮೇಲೆ ಹಾಕಿ ಕೈ ತೊಳೆದುಕೊಳ್ಳೋಣ ಎಂದು ಟ್ರೇ ಜೋಡಿಸುತ್ತ ನಿಂತೆ. ಹತ್ತು ನಿಮಿಷ. ವಾರ್ಡಿಗೆ ಬರುವಷ್ಟರಲ್ಲಿ ಇನ್ಸುಲಿನ್ ಕೊಟ್ಟಾಗಿತ್ತು. ಅದು ರಕ್ತದಲ್ಲಿನ ಪೊಟ್ಯಾಸಿಯಂ ಅನ್ನು ಜೀವಕೋಶಗಳೊಳಗೆ ತಳ್ಳುತ್ತದೆ, ವಾಂತಿಯಿಂದಾಗಿ ಅಮ್ಮನ ರಕ್ತದಲ್ಲಿ ನಿಜಕ್ಕೂ ಇದ್ದದ್ದೇ ಕಮ್ಮಿ. ಪರದೆಯ ಮೇಲೆ ಬಡಿತ ತಪ್ಪತೊಡಗಿತು. ಆಗ ಬಾಯಿ ಬಿಟ್ಟೆ.

ಡಾಕ್ಟರು ಬೈಯಲಿಲ್ಲ. "ಯಾವಾಗ ಗೊತ್ತಾಯ್ತು?" ಎಂದಷ್ಟೇ ಕೇಳಿದರು. ಹೇಳಿದೆ. ಅವರು ಮುಖ ತಿರುಗಿಸಿಕೊಂಡು ಡ್ರಿಪ್ಪಿಗೆ ಪೊಟ್ಯಾಸಿಯಂ ಬರೆದರು. ಅದೀಗ ಹನಿ ಹನಿಯಾಗಿ ಇಳಿಯುತ್ತಿದೆ.

ಈಗಷ್ಟೇ ಮತ್ತೆ ಹೋಗಿ ಬಂದೆ. ಬಡಿತ ಸರಿಹೋಗಿದೆ, ಅಮ್ಮ ಕಣ್ಣು ಬಿಟ್ಟಿದ್ದಾಳೆ. ನರ್ಸು ಹೇಳಿದ್ದನ್ನು ಅರೆಬರೆ ಕೇಳಿಸಿಕೊಂಡಿದ್ದಾಳೆ. ನನ್ನನ್ನು ಹತ್ತಿರ ಕರೆದು, "ನಾನೇ ಸುರಿ ಅಂದೆ ಅಂತ ಹೇಳ್ತೀನಿ. ನಿನ್ನ ಕೆಲಸ ಹೋಗಬಾರದು. ಅಕ್ಕನಿಗೂ ಹಾಗೇ ಹೇಳು" ಎಂದಳು. ಸುರಿದದ್ದನ್ನು ಅವಳು ಆಗಲೇ ಕ್ಷಮಿಸಿಬಿಟ್ಟಿದ್ದಾಳೆ. ಹತ್ತು ನಿಮಿಷದ ವಿಷಯ ಅವಳಿಗೆ ಗೊತ್ತಿಲ್ಲ. ನಮ್ಮ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ, ಕೆಲಸ ಇದ್ದರೆ ಇತ್ತು, ಹೋದರೆ ಹೋಯಿತು. ಆ ಹತ್ತು ನಿಮಿಷದ್ದನ್ನು ಅಮ್ಮನಿಗೆ ಹೇಳುವ ಧೈರ್ಯ ಮಾತ್ರ ಒಬ್ಬಳಿಗೇ ಸಾಲುತ್ತಿಲ್ಲ.

ನನಗೆ ಆಮೇಲೆ ಎಷ್ಟು ಬೇಕಾದರೂ ಬೈಯಿ. ಮೊದಲು ಒಳಗೆ ಹೋಗಿ ಅವಳ ಎಡಗೈ ಹಿಡಿದುಕೋ, ಬಲಗೈಗೆ ಸೂಜಿಯಿದೆ. ಅವಳು ನನಗೋಸ್ಕರ ಸುಳ್ಳು ಹೇಳಲು ಶುರುಮಾಡುತ್ತಾಳೆ. ಪೂರ್ತಿ ಹೇಳಲು ಬಿಡು. ಆಮೇಲೆ ನನ್ನನ್ನು ಕರೆ.

ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕಾ.

ಬಾಗಿಲ ಹೊರಗೇ ನಿಂತಿರುವ,
ನಿನ್ನ ತಂಗಿ