‘ಮಾರಾಯ’ ಇಲ್ಲದ ಮೇಲ್

3-2-2004, ಮಂಗಳವಾರ

ಅಂಗಡಿ ತೆರೆದು, ದೀಪ ಹಚ್ಚಿ, ಸುತ್ತಲಿನ ಗಿರಾಕಿಗಳ ಮೇಲ್ ಬರುವ ನನ್ನ ಸರ್ವರ್ ನೋಡಿದ್ದು. ಬಂದ ಮೇಲ್‌ಗಳಲ್ಲಿ ಮುಕ್ಕಾಲು ಪಾಲು ಕಸ. ಲಾಟರಿ, ಗುಳಿಗೆ, ನೋಡಬಾರದ ಚಿತ್ರ. ಕೊಲ್ಲೂರಿನ ಲಾಡ್ಜಿನವರು ಬೈದರು — “ದೇವಿ ಬುಡದಗೆ ಕೂಕಂಡ್ ಇದೆಲ್ಲ ಕಾಣ್ಕಾ ಮಾರಾಯ್ರೆ?”

ಕಸ ಸೋಸುವ ಫಿಲ್ಟರ್ ಹೊರಗಿನವರದ್ದು ಬೇಡ. ನಾನೇ ಬರೆಯುತ್ತೇನೆ. ಕಾಲೇಜು ಮೆಟ್ಟಿಲು ಹತ್ತದವನು ಪುಸ್ತಕ ನೋಡಿ ಪ್ರೋಗ್ರಾಮಿಂಗ್ ಕಲಿತದ್ದು ಮತ್ತೆ ಯಾಕೆ?

8-2, ಭಾನುವಾರ

ಸಿಕ್ಕಿತು ಉಪಾಯ. ಕಸ ಹುಡುಕುವುದಲ್ಲ, ನಮ್ಮವರನ್ನು ಹುಡುಕುವುದು! ಹಳೆಯ ವಿಳಾಸವಾದರೆ ಸೀದಾ ಒಳಗೆ. ಹೊಸ ವಿಳಾಸವಾದರೆ ಮಾತು ನೋಡು. ನಮ್ಮೂರಿನವನು ದುಬೈಯಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದರೂ ನಡುವೆ ಒಂದು ‘ಮಾರಾಯ’, ಒಂದು ‘ಹ್ವಾಯ್’, ಒಂದು ‘ಎಂತ’ ಬೀಳದೆ ಇರುವುದಿಲ್ಲ. ಅದಿದ್ದರೆ ಪಾಸ್. ಇಲ್ಲದಿದ್ದರೆ ಡಿಲೀಟ್. ಬೇರೆ ಫೋಲ್ಡರಿಗೆ ಹಾಕಿ ಕಾಪಾಡುವುದು ಧೈರ್ಯ ಇಲ್ಲದವರ ಕೆಲಸ.

17-2, ಮಂಗಳವಾರ

ಕಸ ನಿಂತಿದೆ. ಬೈಂದೂರಿನಿಂದ ಚಂದಯ್ಯಣ್ಣ ಬಂದಿದ್ದರು. ಅವರ ಐಸ್ ಪ್ಲಾಂಟಿನ ಮೇಲ್ ನನ್ನ ಸರ್ವರಿನಲ್ಲೇ.

“ಹ್ವಾಯ್ ಗುಣಪಾಲ, ಆ ಲಾಟರಿಯವ ಸತ್ತೇ ಹೋದ್ನಾ ಎಂತ ಮಾರಾಯ? ಸುದ್ದಿಯೇ ಇಲ್ಲ!”

ನಕ್ಕು, ಹೊರಡುವಾಗ ಮೆಲ್ಲಗೆ ಕೇಳಿದರು: “ಬೊಂಬಾಯಿಂದ ಎಂತಾರೂ ಬಂದಿತ್ತಾ?”

ಅವರ ತಮ್ಮ ಲೀಲಾಧರನದು ಡೊಂಬಿವಲಿಯಲ್ಲಿ ಹೋಟೆಲು. ಅಪ್ಪನ ದೋಣಿ ಮಾರಿದ ಜಗಳದಲ್ಲಿ ಅಣ್ಣತಮ್ಮ ಮಾತು ಬಿಟ್ಟು ವರ್ಷಗಳೇ ಆದವು. ಈಗ ತಮ್ಮನ ಮಗಳು ಸುಪ್ರೀತಾಳ ಮದುವೆ, ಮಾರ್ಚ್ ಏಳಕ್ಕೆ. ಊರಿಗೆಲ್ಲ ಗೊತ್ತು, ದೊಡ್ಡಪ್ಪನಿಗೆ ಮಾತ್ರ ಹೇಳಿಕೆ ಬಂದಿಲ್ಲ. ಹೇಳಿಕೆ ಇಲ್ಲದ ಮನೆಗೆ ನಮ್ಮಲ್ಲಿ ಯಾರೂ ಹೋಗುವುದಿಲ್ಲ, ಸ್ವಂತ ತಮ್ಮನದ್ದಾದರೂ.

“ಕಾರ್ಡ್ ಬ್ಯಾಡ. ಅವ ಒಂದ್ ಮಾತ್ ಹೇಳ್ಲಿ, ಹೋತೆ.”

ಏನೂ ಬಂದಿಲ್ಲ ಅಂದೆ.

19-2, ಗುರುವಾರ, ಮಧ್ಯಾಹ್ನ

ಕೋಟೇಶ್ವರದ ಗೇರುಬೀಜ ಫ್ಯಾಕ್ಟರಿಯವರು ಎದುರು ಕೂತಿದ್ದರು. ನನ್ನ ಫಿಲ್ಟರ್ ಒಂದೇ ಒಂದು ಒಳ್ಳೆಯ ಮೇಲ್ ನುಂಗಿಲ್ಲ ಎಂದು ಕೊಚ್ಚುತ್ತಿದ್ದೆ. ಫೋನ್. ಲೀಲಾಧರ.

“ಗುಣಪಾಲ, ಹೋದ್ವಾರ ಅಣ್ಣಂಗೆ ಒಂದ್ ಮೇಲ್ ಹಾಕಿದ್ದೆ. ಫೋನ್ ಮಾಡ್ರೆ ನನ್ ಸ್ವರ ಕೇಂಡ್ ಕೂಡ್ಲೆ ಇಡ್ತ. ಮರ್ಯಾದಿ ಕಮ್ಮಿ ಆಪ್ಕಾಗ ಅಂದೇಳಿ ನಮ್ ಮೆನೇಜರ್ ಹತ್ರ ಚಂದ ಇಂಗ್ಲಿಷಲ್ಲ್ ಬರ್ಸಿದೆ. ‘ಬಾ’ ಅಂದ್ರೆ ನಾನೇ ಬಂದ್ ಹೇಳ್ಕಿ ಹೇಳ್ತೆ ಅಂದಿದ್ದೆ. ಮುಟ್ಟಿತಾ?”

ಮೆನೇಜರನ ವಿಳಾಸ, ಹೊಸತು. ಚಂದದ ಇಂಗ್ಲಿಷ್. ಮರ್ಯಾದೆಗೆಂದು ಬರೆಸಿದ ಕಾಗದದಲ್ಲಿ ‘ಮಾರಾಯ’ ಎಲ್ಲಿಂದ ಬರಬೇಕು?

ಗೇರುಬೀಜದವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಮುಟ್ಟಿತ್ ಲೀಲಣ್ಣ. ಅವ್ರ್ ಓದಿದ್ರ್.”

“ಓದಿಯೂ…” ಅಂದ. ಫೋನ್ ಇಟ್ಟುಬಿಟ್ಟ.

ಗೇರುಬೀಜದವರು ತಮ್ಮ ಮೇಲ್ ನನಗೇ ಕೊಡಲು ಒಪ್ಪಿ, ಕೈ ಕುಲುಕಿ ಹೋದರು. ಆ ಕೈ ಎರಡು ಸಲ ತೊಳೆದೆ.

20-2

ಫಿಲ್ಟರ್ ತಿದ್ದಿದೆ. ಮಿಷನ್ ತಿದ್ದುವುದು ಸುಲಭ, ಹತ್ತು ಸಾಲು. ಡೊಂಬಿವಲಿಗೆ ಫೋನ್ ಹಚ್ಚಿದೆ. ರಿಂಗ್ ಆಗುವ ಮೊದಲೇ ಇಟ್ಟೆ.

27-2, ಶುಕ್ರವಾರ

ಮತ್ತೆ ಚಂದಯ್ಯಣ್ಣ. ಬಿಳಿ ಅಂಗಿ ಹೊಲಿಸಿದ್ದಾರೆ. ಹುಡುಗಿಗೆ ಬೆಂಡೋಲೆಯೂ ಮಾಡಿಸಿ ಆಗಿದೆ.

“ಬಂತಾ?”

“ಇಲ್ಲ.”

ಮೇಲ್ ಅವರಿಗೆ ಮುಟ್ಟಿಲ್ಲವಲ್ಲ, ಸುಳ್ಳಲ್ಲ ಎಂದು ಮನೆ ದಾರಿಯುದ್ದಕ್ಕೂ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಮಾತು ಮಾರಿ ಬದುಕಿದವನು. ನನ್ನೊಳಗಿನ ಈ ಗಿರಾಕಿ ಮಾತ್ರ ಒಪ್ಪಲಿಲ್ಲ.

5-3, ಶುಕ್ರವಾರ, ಬೈಂದೂರು

ನಾಡಿದ್ದು ಮದುವೆ. ತಡೆಯಲಾಗಲಿಲ್ಲ. ಬೆಳಗಿನ ಬಸ್ಸು ಹತ್ತಿ ಬಂದೆ. ಮೇಲ್ ಬಂದಿತ್ತು, ನನ್ನ ಫಿಲ್ಟರ್ ಅಳಿಸಿತು ಎಂದೆ. ಅಷ್ಟೇ ಹೇಳಿದೆ. ಅರ್ಧ.

ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ಬರ್ದಿದ್ನಾ? ಅವನೇ? ಹೌದಾ?” ಒಳಗೆ ತಿರುಗಿ ಹೆಂಡತಿಗೆ ಕೂಗಿದರು: “ಏ ಪ್ರಭಾವತೀ, ಕೇಂಡ್ಯಾ? ತಮ್ಮ ಬರ್ದಿದ್ದಂಬ್ರ್!” ನನ್ನ ಹೆಗಲು ತಟ್ಟಿದರು. “ಮಿಷನ್ ಅಲ್ದಾ ಮಾರಾಯ, ತಪ್ತ್. ನಿಂದೆಂತ ತಪ್ಪ್?”

ಪ್ರಭಾವತಕ್ಕ ಚಾ ತಂದರು. ಅವರು ನಗಲಿಲ್ಲ. “ಉತ್ತರ ಬಾರ್ದೆ ಇದ್ರೆ ಅವ ಒಂದ್ಸಲ ನಿನ್ನತ್ರಾದ್ರೂ ಕೇಣ್ತಿದ್ದ ಅಲ್ದಾ, ಗುಣಪಾಲ?”

ಚಾ ಕುಡಿದೆ.

“ಅದನ್ನ್ ಅವ್ನತ್ರವೇ ಕೇಂಬ,” ಅಂದರು ಚಂದಯ್ಯಣ್ಣ. “ಫೋನ್ ಹಚ್. ಮಿಷನ್ ತಿಂತ್ ಅಂತ ನೀನೇ ಹೇಳ್. ಸ್ಪೀಕರ್ ಹಾಕ್, ಇವ್ಳೂ ಕೇಣ್ಲಿ. ಅವ ಒಂದ್ ಮಾತ್ ಹೇಳ್ರೆ ಸಂಜಿ ರೈಲಿಗೇ ಹೊರಡ್ತೆ.”

ನಂಬರ್ ನನಗೆ ಬಾಯಿಪಾಠ. ಆದರೂ ಹುಡುಕುವವನ ಹಾಗೆ ಡೈರಿ ತೆಗೆದು ಇದನ್ನು ಬರೆಯುತ್ತಿದ್ದೇನೆ. ಅಂಗಿ ಆಗಲೇ ಹೊರಗೆ ಬಂದಿದೆ. ಅಕ್ಕ ಇಸ್ತ್ರಿ ಮಾಡುತ್ತಿದ್ದಾರೆ.

“ಸಿಕ್ತಾ?”

ಸಿಕ್ಕಿತು ಅಂದೆ. ಅವರೇ ಗುಂಡಿ ಒತ್ತಿದರು, ನಾನು ಒಂದೊಂದೇ ಅಂಕಿ ಹೇಳಿದೆ. ರಿಂಗ್ ಆಗುತ್ತಿದೆ. ಅವನು ಎತ್ತಿದರೆ ಮೊದಲು ‘ಅವ್ರ್ ಓದಿದ್ರ್’ ಎಂದ ನನ್ನ ಸುಳ್ಳು ಒಪ್ಪಿಕೊಳ್ಳಬೇಕು, ಮಿಷನ್ನಿನ ವಿಷಯ ಆಮೇಲೆ