ಕೆಂಪು ಹುಳದ ಮೀಸೆ

ಶಹಾಪುರ
18 ಜುಲೈ 2024

ಪ್ರೀತಿಯ ದೋಸ್ತ ಇನಾಯತನಿಗೆ,

ನಿನ್ನ ಬಸವಂತರಾಯನ ಸಲಾಮು. ಕಾಗದ ಬಂದು ಒಂದೂವರೆ ತಿಂಗಳಾಯಿತು, ಬೈಯಬೇಡ. ಕಣ್ಣಿನ ಪೊರೆ ತೆಗೆಸಿಕೊಂಡೆ. ಡಾಕ್ಟರು ಓದು ಬರಹ ಬೇಡವೆಂದಿದ್ದರು. ಫೋನು ಮಾಡೋಣವೆಂದರೆ ನಿನ್ನ ಕಿವಿ ಸರ್ಕಾರಿ ಕಚೇರಿ, ಎಷ್ಟು ಕೂಗಿದರೂ ಕೇಳುವುದಿಲ್ಲ!

ಈಗ ಬಣ್ಣಗಳೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿವೆ. ಮೊನ್ನೆ ಕಾಲುವೆ ಕಡೆ ತಿರುಗಾಡಲು ಹೋದಾಗ, ಬಿದ್ದ ಈಚಲ ಮರದ ಮೇಲೆ ನಮ್ಮ ಸೊಂಡಿಲ ಹುಳಗಳು ಕಂಡವು. ಎರಡು ಬೆರಳಗಲ ಉದ್ದ, ಅದೇ ಬಾಗಿದ ಮೂತಿ. ಒಂದು ಇಟ್ಟಿಗೆ ಕೆಂಪು, ಕತ್ತಿನ ಮೇಲೆ ಆರು ಕಪ್ಪು ಚುಕ್ಕೆ. ಇನ್ನೊಂದು ಕೆಂಪಿಗೆ ಎರಡೇ ಚುಕ್ಕೆ. ಮೂರನೆಯದು ಸುಟ್ಟ ಬದನೆಕಾಯಿಯಷ್ಟು ಕಪ್ಪು. ಮನೆಗೆ ತಂದು ನೋಡುತ್ತ ಕುಳಿತರೆ ನನ್ನ ಹೆಂಡತಿ ಮೌನಮ್ಮ, “ಕಣ್ಣು ಬಂದಾವಂತ ಹುಳದ ಮಾರಿ ನೋಡ್ಕೋತ ಕುಂತೀರೇನ್ರಿ? ಚಹಾ ಆರಾಕತ್ತೈತಿ” ಎಂದು ರೇಗಿದಳು. ಅವಳಿಗೇನು ಗೊತ್ತು, ನನ್ನ ಮುಂದೆ ನಮ್ಮ ಹಳ್ಳಿಯೇ ಬಂದು ಕುಳಿತಿತ್ತು.

ಕೆಂಪು ಹುಳಕ್ಕೆ ಗೌಡಸಾನಿ, ಕಪ್ಪಿಗೆ ಗೌಡ ಎಂದು ಹೆಸರಿಟ್ಟು, ಕಾಲಿಗೆ ದಾರ ಕಟ್ಟಿ ಹಾರಿಸುತ್ತಿದ್ದೆವಲ್ಲ! ಊರೇ ಕೆಂಪು ಹೆಣ್ಣು, ಕಪ್ಪು ಗಂಡು ಎಂದು ನಂಬಿತ್ತು. ನೀನೊಬ್ಬನೇ ಈಚಲ ಬುಡದಲ್ಲಿ ಬೋರಲು ಮಲಗಿ ಹುಳಗಳ ಮೂತಿ ನೋಡಿ, “ಬಣ್ಣ ಬಿಡಲೇ, ಮೂತಿ ಮ್ಯಾಲ ಮೀಸಿ ಇದ್ರ ಗಂಡು. ಕೆಂಪಿನಾಗೂ ಅದಾವ, ಕರಿದ್ರಾಗೂ ಅದಾವ” ಎಂದಿದ್ದೆ. ಹೆಣ್ಣಿನ ಮೂತಿ ಬೋಳು, ತುಸು ಉದ್ದ. ನಿನಗಾಗ ಹನ್ನೆರಡು ವರ್ಷ.

ಮಾಸ್ತರರು ಊರಿನ ಮಾತನ್ನೇ ಬೋರ್ಡಿನ ಮೇಲೆ ಬರೆದಾಗ ನೀನು ಎದ್ದು ನಿಂತು, “ತಪ್ಪೈತ್ರಿ ಸರ್” ಎಂದುಬಿಟ್ಟೆ. “ಕೆಂಪು ಗಂಡು ಎಲ್ಲೈತಿ? ತೋರಸು ನೋಡೋಣು” ಎಂದರು. ನಿನ್ನ ಕೈಯಲ್ಲಿ ಏನೂ ಇರಲಿಲ್ಲ. ಸುಳ್ಳುಗಾರ ಎಂದು ದಿನವಿಡೀ ಬೆಂಚಿನ ಮೇಲೆ ನಿಲ್ಲಿಸಿದರು. ಮರುದಿನ ನೀನು ಶಾಲೆಗೆ ಬರಲಿಲ್ಲ. ವಾರದೊಳಗೆ ಯಾದಗಿರಿಯ ನಿಮ್ಮ ಮಾಮುವಿನ ಟೇಲರ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದೆ. ನಾನು ಓದಿ ಮಾಸ್ತರನಾದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಈ ಹುಳದ ಮೀಸೆ ತೋರಿಸಿದೆ, ನಿನ್ನ ಹೆಸರು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಶಾಲೆ ಯಾಕೆ ಬಿಟ್ಟೆ ಎಂದು ನಿನ್ನ ಮೊಮ್ಮಗಳು ಸಬಾ ಕೇಳಿದಳಂತೆ. “ನನಗ ತಲಿಗಿ ಹತ್ತಲಿಲ್ಲ ಬೇಟಾ ಅಂದೆ” ಎಂದು ಬರೆದಿದ್ದೀಯ. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ. ಹಾಗೆ ಹೇಳಬೇಡವೋ. ಆ ತರಗತಿಯಲ್ಲಿ ಕಣ್ಣು ಬಿಟ್ಟು ನೋಡಿದವನು ನೀನೊಬ್ಬನೇ. ಈ ಕಾಗದವನ್ನು ಅವಳ ಕೈಯಲ್ಲೇ ಓದಿಸು.

ಭಾಭಿಗೆ ನನ್ನ ನಮಸ್ಕಾರ. ಸಬಾಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ, ತಿಳಿದದ್ದನ್ನು ಎದ್ದು ನಿಂತು ಹೇಳಲಿ.

ನಿನ್ನ,
ಬಸವಂತರಾಯ

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಂದು ಮೀಸೆಯ ಕೆಂಪು ಹುಳವೊಂದು ನನ್ನ ಜೇಬಿನಲ್ಲೇ ಇತ್ತು ಇನಾಯತ. ನಿನಗೆ ತೋರಿಸಲೆಂದು ಬೆಳಿಗ್ಗೆ ಹಿಡಿದು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡಿದ್ದೆ. ಮಾಸ್ತರರು “ತೋರಸು” ಎಂದಾಗ ಅದು ಒಳಗೆ ಪರಪರ ಕೆರೆಯುವುದು ನನ್ನ ತೊಡೆಗೆ ತಿಳಿಯುತ್ತಿತ್ತು. ನನ್ನನ್ನೂ ನಿಲ್ಲಿಸುತ್ತಾರೆಂದು ಹೆದರಿದೆ. ಊಟಕ್ಕೆ ಬಿಟ್ಟಾಗ ಶಾಲೆಯ ಹಿಂದೆ ಹೋಗಿ ಅದನ್ನು ಹಾರಲು ಬಿಟ್ಟೆ. ಒಳಗೆ ಬಂದರೆ ನೀನಿನ್ನೂ ಬೆಂಚಿನ ಮೇಲೆಯೇ ನಿಂತಿದ್ದೆ. ನನ್ನನ್ನು ನೋಡಿ ನಕ್ಕೆ.